ಕಂಬಳಿ ಹೊದ್ದ ತಾಳೆ

ಜಪಾನಿನ ಬೌದ್ಧ ಗುಡಿಗಳ ದೊಡ್ಡ ಗಂಟೆಗೆ ನಾಲಿಗೆ ಇರುವುದಿಲ್ಲ. ಗಂಟೆಯ ಪಕ್ಕದಲ್ಲಿ ಒಂದು ಮರದ ದಿಮ್ಮಿಯನ್ನು ಹಗ್ಗ ಕಟ್ಟಿ ಅಡ್ಡಕ್ಕೆ ತೂಗುಹಾಕಿರುತ್ತಾರೆ. ಅದನ್ನು ಹಿಂದಕ್ಕೆ ಜಗ್ಗಿ ಬಿಟ್ಟರೆ ಹೋಗಿ ಗಂಟೆಗೆ ಹೊರಗಿನಿಂದ ಗುದ್ದುತ್ತದೆ. ಡಿಸೆಂಬರ್ 31ರ ರಾತ್ರಿ ಹೀಗೆ 108 ಸಲ ಬಾರಿಸುವ ಪದ್ಧತಿ ಇದೆ. ಎಷ್ಟೋ ಊರುಗಳಲ್ಲಿ ಆ ಹೊತ್ತಿಗೆ ಹೊರಗೆ ಹಿಮ ಬಿದ್ದಿರುತ್ತದೆ.

ಆ ದಿಮ್ಮಿ ಯಾವ ಮರದ್ದು ಗೊತ್ತಾ? ಬಹಳ ಕಡೆ ಅದು ನಮ್ಮ ತೆಂಗು, ಅಡಿಕೆ, ಈಚಲು, ಬೈನೆಗಳ ನೆಂಟನದ್ದು. ಜಪಾನಿನವರು ಅದನ್ನು ಶುರೋ ಅನ್ನುತ್ತಾರೆ. ಚೀನಾದಲ್ಲಿ ಅದು ತ್ಸೊಂಗ್. ಇಂಗ್ಲಿಷ್‌ನವರ ಬಾಯಲ್ಲಿ ಚುಸಾನ್ ಪಾಮ್, ಇಲ್ಲವೇ ವಿಂಡ್‌ಮಿಲ್ ಪಾಮ್. ಸಸ್ಯಶಾಸ್ತ್ರದ ಹೆಸರು ಟ್ರಾಕಿಕಾರ್ಪಸ್ ಫಾರ್ಚೂನಿಯೈ. ಕನ್ನಡದಲ್ಲಿ ಇದಕ್ಕೆ ರೂಢಿಯ ಹೆಸರಿಲ್ಲ, ಹಾಗಾಗಿ ಇಲ್ಲಿ ಶುರೋ ಅಂತಲೇ ಕರೆಯೋಣ. ಬೆಳೆದ ಮರ ಮೈನಸ್ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ನಮ್ಮ ತೆಂಗಿನ ಮರ ಅಂಥ ಒಂದು ರಾತ್ರಿಯನ್ನೂ ದಾಟಲಾರದು.

ಹಾಗಾದರೆ ಈ ನೆಂಟನಿಗೆ ಮಾತ್ರ ಇಷ್ಟು ಗಟ್ಟಿ ಜೀವ ಎಲ್ಲಿಂದ ಬಂತು? ಇದನ್ನು ತಿಳಿಯೋಕೆ ಮೊದಲು ತಾಳೆ ಜಾತಿಯ ಮರಗಳ ಕಷ್ಟ ಏನು ಅಂತ ನೋಡಬೇಕು.

ತೆಂಗು ಅಡಿಕೆ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸುಳಿ ಹೋದರೆ ಮರ ಹೋಯಿತು. ಮಾವಿನ ಮರದ ಒಂದು ಕೊಂಬೆ ಕಡಿದರೆ ಪಕ್ಕದಲ್ಲಿ ನಾಲ್ಕು ಚಿಗುರುತ್ತವೆ. ತೆಂಗಿಗೆ ತಲೆಯ ಮೇಲೆ ಒಂದೇ ಸುಳಿ. ಕೆಂಪು ಮೂತಿ ಹುಳು ತಿನ್ನಲಿ, ಸುಳಿ ಕೊಳೆ ರೋಗ ಬರಲಿ, ಅಲ್ಲಿಗೆ ಕತೆ ಮುಗಿಯಿತು. ಇನ್ನೊಂದು ತೊಂದರೆಯೂ ಇದೆ. ಮಾವು, ಹಲಸು, ತೇಗದ ಕಾಂಡದಲ್ಲಿ ಸಿಪ್ಪೆಯ ಕೆಳಗೆ ಒಂದು ತೆಳು ಪದರ ಇರುತ್ತದೆ. ಅದು ವರ್ಷ ವರ್ಷ ಹೊಸ ಮರ, ಹೊಸ ಸಿಪ್ಪೆ ಹುಟ್ಟಿಸುತ್ತದೆ, ಗಾಯ ಮುಚ್ಚುತ್ತದೆ. ತಾಳೆ ಜಾತಿಗೆ ಆ ಪದರವೇ ಇಲ್ಲ. ತೆಂಗಿನ ಮರಕ್ಕೆ ಹತ್ತಲು ಕೊಚ್ಚಿದ ಮೆಟ್ಟಿಲು ಮರ ಇರುವವರೆಗೂ ಹಾಗೇ ಉಳಿಯುತ್ತದಲ್ಲ, ಅದಕ್ಕೇ. ಶೀತದೇಶದ ಎಷ್ಟೋ ಮರಗಳು ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುತ್ತವೆ. ತಾಳೆಗೆ ಆ ನಿದ್ದೆಯ ಅಭ್ಯಾಸವೂ ಇಲ್ಲ. ವರ್ಷವಿಡೀ ಹಸಿರು ಹೊತ್ತು, ಒಂದೇ ಸುಳಿ ನಂಬಿಕೊಂಡು, ಗಾಯ ಮಾಯುವ ಶಕ್ತಿ ಇಲ್ಲದೆ ನಿಲ್ಲಬೇಕು. ಚಳಿಯ ನಾಡಿಗೆ ಇದಕ್ಕಿಂತ ಕೆಟ್ಟ ತಯಾರಿ ಬೇರೆ ಇಲ್ಲ ಅನ್ನಿಸುತ್ತೆ, ಅಲ್ವಾ?

ಚಳಿ ಗಿಡವನ್ನು ಕೊಲ್ಲುವುದು ಎರಡು ಹಂತದಲ್ಲಿ. ಮೊದಲನೆಯದು ನೀರು ಹೆಪ್ಪುಗಟ್ಟುವ ಮೊದಲೇ ಶುರುವಾಗುತ್ತದೆ. ಬಾಳೆಹಣ್ಣನ್ನು ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗುತ್ತದಲ್ಲ, ಅದು ಇದೇ. ಫ್ರಿಜ್ಜಿನಲ್ಲಿ ಮಂಜುಗಡ್ಡೆ ಆಗುವಷ್ಟು ಚಳಿ ಇಲ್ಲ, ಆದರೂ ಹಣ್ಣು ಕೆಡುತ್ತದೆ. ಯಾಕೆಂದರೆ ಜೀವಕೋಶದ ಸುತ್ತ ಇರುವ ಪೊರೆ ಒಂಥರಾ ಎಣ್ಣೆಯ ಪದರ. ಡಿಸೆಂಬರ್‌ನಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಗಟ್ಟಿಯಾಗುತ್ತದೆ, ಪಕ್ಕದಲ್ಲೇ ಇರುವ ಸೂರ್ಯಕಾಂತಿ ಎಣ್ಣೆ ಹರಿಯುತ್ತಲೇ ಇರುತ್ತದೆ. ಸೆಕೆಯ ನಾಡಿನ ಗಿಡಗಳ ಪೊರೆ ಕೊಬ್ಬರಿ ಎಣ್ಣೆಯ ಹಾಗೆ ಬೇಗ ಬಿಗಿಯುತ್ತದೆ. ಬಿಗಿದರೆ ಒಳಗಿನದು ಸೋರುತ್ತದೆ, ಕೆಲಸ ನಿಲ್ಲುತ್ತದೆ. ಚಳಿಗೆ ಒಗ್ಗಿದ ಗಿಡಗಳ ಪೊರೆ ಸೂರ್ಯಕಾಂತಿ ಎಣ್ಣೆಯ ಹಾಗೆ ಸಡಿಲವಾಗಿಯೇ ಉಳಿಯುತ್ತದೆ.

ಎರಡನೆಯ ಹಂತ ಮಂಜುಗಡ್ಡೆ. ಉಷ್ಣತೆ ಸೊನ್ನೆಗಿಂತ ಕೆಳಗೆ ಇಳಿದಾಗ ಸಾಮಾನ್ಯವಾಗಿ ಜೀವಕೋಶಗಳ ನಡುವಿನ ಸಂದುಗಳಲ್ಲಿ ಮೊದಲು ಹರಳು ಕಟ್ಟುತ್ತದೆ. ಆ ಹರಳು ಕೋಶದ ಒಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಅಂದರೆ ಹಿಮದಲ್ಲಿ ಸಾಯುವ ಗಿಡ ಒಂದು ಲೆಕ್ಕಕ್ಕೆ ಬಾಯಾರಿ ಸಾಯುತ್ತದೆ. ತಡೆದುಕೊಳ್ಳುವ ಗಿಡಗಳು ಚಳಿ ಏರುವ ಮೊದಲೇ ಕೋಶದಲ್ಲಿ ಸಕ್ಕರೆಯಂಥ ವಸ್ತುಗಳನ್ನು ಕೂಡಿಡುತ್ತವೆ. ಸಕ್ಕರೆ ಪಾಕ ನೀರಿನಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ, ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದೂ ಇಲ್ಲ. ಇಂಥ ತಯಾರಿ ಶುರೋಗೆ ಗೊತ್ತು. ಆದರೆ ಎಳೆಯ ಸಸಿಗೆ ಅಷ್ಟು ಶಕ್ತಿ ಇರುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಟೋಕಿಯೋದ ಕತೆಗೆ ಬೇಕಾಗುತ್ತದೆ.

ಇನ್ನು ಮರದ ನೋಟಕ್ಕೆ ಬರೋಣ. ಹತ್ತು ಹನ್ನೆರಡು ಮೀಟರ್ ಎತ್ತರ, ಸಪೂರ ಕಾಂಡ, ತುದಿಯಲ್ಲಿ ಬೀಸಣಿಗೆಯಂಥ ಗರಿಗಳು. ಕಾಂಡಕ್ಕೆ ಯಾರೋ ಕಂದು ಕಂಬಳಿ ಸುತ್ತಿದ್ದಾರೇನೋ ಅನ್ನುವಂತೆ ಮೇಲಿಂದ ಕೆಳಗಿನವರೆಗೆ ನಾರು. ಆ ನಾರೇ ಈ ಮರದ ಆಸ್ತಿ.

ಅದು ಸಿಪ್ಪೆ ಅಲ್ಲ. ಅಡಿಕೆ ಮರದಲ್ಲಿ ಗರಿಯ ಬುಡ ಹಾಳೆಯಾಗಿ ಕಾಂಡವನ್ನು ಸುತ್ತಿಕೊಂಡಿರುತ್ತದೆ. ಗರಿ ಒಣಗಿದಾಗ ಹಾಳೆ ಸಮೇತ ಬಿದ್ದುಹೋಗುತ್ತದೆ, ಕಾಂಡ ನುಣ್ಣಗೆ ಉಳಿಯುತ್ತದೆ. ತೆಂಗಿನಲ್ಲಿ ಗರಿಯ ಬುಡದ ಹತ್ತಿರ ಗೋಣಿತಾಟಿನ ಹಾಗೆ ಹೆಣೆದ ಕಂದು ಬಲೆ ಕಾಣುತ್ತದೆ. ಶುರೋದ ಹಾಳೆ ಬೀಳುವುದೂ ಇಲ್ಲ, ಹಾಗೇ ಉಳಿಯುವುದೂ ಇಲ್ಲ. ಮೆತ್ತನೆಯ ಭಾಗ ಕರಗಿಹೋಗಿ ಗಟ್ಟಿ ಎಳೆಗಳು ಮಾತ್ರ ಬಟ್ಟೆಯಂತೆ ಕಾಂಡಕ್ಕೆ ಅಂಟಿಕೊಳ್ಳುತ್ತವೆ. ಮುಂದಿನ ಗರಿಯ ಹಾಳೆ ಅದರ ಮೇಲ್ಗಡೆ. ಹೀಗೆ ಪದರದ ಮೇಲೆ ಪದರ.

ಈ ಕಂಬಳಿಯಿಂದಲೇ ಮರ ಚಳಿ ತಡೆಯುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಅದು ಅರ್ಧ ನಿಜ. ನಾವು ಕಂಬಳಿ ಹೊದ್ದರೆ ಬೆಚ್ಚಗಾಗುವುದು ನಮ್ಮ ಮೈಯಲ್ಲೇ ಶಾಖ ಹುಟ್ಟುವುದರಿಂದ. ಕಲ್ಲುಗುಂಡಿಗೆ ಕಂಬಳಿ ಹೊದೆಸಿದರೆ ಅದು ಬೆಚ್ಚಗಾಗುತ್ತಾ? ಮರದ ಮೈಯಲ್ಲಿ ಹೇಳಿಕೊಳ್ಳುವಷ್ಟು ಶಾಖ ಹುಟ್ಟುವುದಿಲ್ಲ. ನಾರಿನ ಹೊದಿಕೆ ಚಳಿ ಒಳಗಿಳಿಯುವುದನ್ನು ತಡ ಮಾಡುತ್ತದೆ ಅಷ್ಟೆ. ಒಂದು ರಾತ್ರಿಯ ಚಳಿಯಾದರೆ ಬೆಳಿಗ್ಗೆ ಬಿಸಿಲು ಬರುವವರೆಗೆ ಅದು ಸಾಕಾಗಬಹುದು. ವಾರಗಟ್ಟಲೆ ಹಿಮ ಕೂತರೆ ಒಳಗೂ ಹೊರಗೂ ಒಂದೇ. ಆಗ ಕಾಯುವುದು ಕೋಶದ ಒಳಗಿನ ಪಾಕವೇ.

ಮನುಷ್ಯರಿಗೆ ಮಾತ್ರ ಆ ಕಂಬಳಿ ಪೂರ್ತಿ ಉಪಯೋಗಕ್ಕೆ ಬಂತು. ತೆಂಗಿನ ನಾರು ತೆಗೆಯಬೇಕಾದರೆ ಸಿಪ್ಪೆಯನ್ನು ತಿಂಗಳುಗಟ್ಟಲೆ ನೀರಲ್ಲಿ ಕೊಳೆಹಾಕಿ ಬಡಿಯಬೇಕಿತ್ತು. ಶುರೋದಲ್ಲಿ ಆ ಕೆಲಸವನ್ನು ಮರವೇ ಮುಗಿಸಿಟ್ಟಿರುತ್ತದೆ. ಕಾಂಡದ ಸುತ್ತ ಚೂರಿಯಿಂದ ಒಂದು ಗೀರು ಹಾಕಿ ಪದರವನ್ನು ಹಾಳೆಹಾಳೆಯಾಗಿ ಬಿಡಿಸಿಕೊಂಡರೆ ಆಯಿತು. ಜಾಸ್ತಿ ಆಸೆಪಟ್ಟು ಮೇಲಿನ ಎಳೆಯ ಪದರಗಳನ್ನೂ ಸುಲಿದರೆ ಮರ ಸೊರಗುತ್ತದೆ. ಈಚಲಿನಿಂದ ಹೆಂಡ ಇಳಿಸುವವರು ಎಲ್ಲಿವರೆಗೆ ಕೊರೆಯಬೇಕು ಅಂತ ತಿಳಿದಿರುವ ಹಾಗೆ ಇಲ್ಲೂ ಒಂದು ಕೈಹದ ಬೇಕು.

ಚೀನಾದ ರೈತರು ಈ ನಾರಿನಿಂದ ಮಳೆಯಂಗಿ ಹೆಣೆದರು. ಅದರ ಹೆಸರು ಸ್ವೊಯಿ. ನಾರಿನ ಪದರಗಳನ್ನು ಒಂದರ ಮೇಲೊಂದು ಇಟ್ಟು, ನಾರಿನ ದಾರದಿಂದಲೇ ಹೊಲಿದು, ಹೆಗಲಿಂದ ಕೆಳಗೆ ಇಳಿಬಿಡುವ ಅಂಗಿ. ಮಳೆಹನಿ ಎಳೆಯಿಂದ ಎಳೆಗೆ ಜಾರಿ ಕೆಳಗೆ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಹುಲ್ಲಿನ ಮಾಡು ಸೋರದೆ ಇರುವುದೂ ಇದೇ ಉಪಾಯದಿಂದ. ನಮ್ಮ ಮಲೆನಾಡಿನಲ್ಲಿ ನೆಟ್ಟಿ ಕೆಲಸಕ್ಕೆ ಹೋಗುವವರು ಗೊರಬು ಹಾಕಿಕೊಳ್ಳುತ್ತಿದ್ದರು, ಬಿದಿರು ಹೆಣೆದು ನಡುವೆ ಒಣಗಿದ ಎಲೆ ತುಂಬಿದ ಹೊದಿಕೆ. ಗೊರಬು ಬೆನ್ನ ಮೇಲೆ ಚಿಪ್ಪಿನ ಹಾಗೆ ಬಿರುಸಾಗಿ ಕೂರುತ್ತದೆ. ಸ್ವೊಯಿ ಮೈಗೆ ಅಂಟಿಕೊಂಡು ಬಾಗುತ್ತದೆ. ಬಗ್ಗಿ ನಾಟಿ ಮಾಡುವವರಿಗೆ ಯಾವುದು ಹಿತ ಅನ್ನೋದು ಎರಡನ್ನೂ ಹಾಕಿಕೊಂಡವರೇ ಹೇಳಬೇಕು. ಚೀನಾದ ಹಳೆಯ ಶಾಯಿ ಚಿತ್ರಗಳಲ್ಲಿ ದೋಣಿಯಲ್ಲಿ ಒಬ್ಬನೇ ಕೂತು ಮೀನು ಹಿಡಿಯುವ ಮುದುಕನ ಮೈಮೇಲೆ ಮುಳ್ಳುಹಂದಿಯಂತೆ ಕಾಣುವ ಅಂಗಿ ಇರುತ್ತದಲ್ಲ, ಅದು ಸ್ವೊಯಿ. ತಾಳೆ ಸಿಗದ ಕಡೆ ಹುಲ್ಲಿನಲ್ಲೂ ಅದನ್ನು ಮಾಡುತ್ತಿದ್ದರು.

ಹಗ್ಗ ಇನ್ನೊಂದು. ಒದ್ದೆಯಲ್ಲಿ ಬೇಗ ಕೊಳೆಯದ ನಾರು ಇದು. ದೋಣಿಗೆ, ಬಾವಿಗೆ ಇದೇ ಹಗ್ಗ. ಜಪಾನಿನ ತೋಟಗಳಲ್ಲಿ ಬಿದಿರು ಬೇಲಿಯನ್ನು ಕಪ್ಪು ದಾರದಿಂದ ಚೆಂದದ ಗಂಟು ಹಾಕಿ ಕಟ್ಟಿರುತ್ತಾರೆ. ಅದು ಬಣ್ಣ ಹಾಕಿದ ಶುರೋ ಹುರಿ. ಮೊಳೆ ತುಕ್ಕು ಹಿಡಿಯುತ್ತದೆ, ಹುರಿ ಮಳೆ ಬಿಸಿಲು ತಿಂದೂ ವರ್ಷಗಟ್ಟಲೆ ಬಾಳುತ್ತದೆ.

ಶಾಂಘೈ ಸುತ್ತಮುತ್ತಲ ಮನೆಗಳಲ್ಲಿ ಮರದ ಚೌಕಟ್ಟಿಗೆ ಈ ಹಗ್ಗ ಬಿಗಿದು ಹೆಣೆದ ಮಂಚ ಇರುತ್ತಿತ್ತು. ತ್ಸೊಂಗ್‌ಬೆಂಗ್ ಅನ್ನುತ್ತಾರೆ. ನಮ್ಮ ಹಗ್ಗದ ಮಂಚ, ನವಾರದ ಮಂಚದ ಸೋದರ. ಕೆಲವು ವರ್ಷಕ್ಕೆ ಅದು ನಡುವೆ ತೊಟ್ಟಿಲಿನಂತೆ ಜೋತುಬೀಳುತ್ತದೆ. ಆಗ ಬಿಗಿಮಾಡಲು ಆಳು ಬೇಕು. ಮಂಚ ರಿಪೇರಿ, ಮಂಚ ರಿಪೇರಿ ಅಂತ ಕೂಗಿಕೊಂಡು ಓಣಿ ಓಣಿ ಸುತ್ತುವ ಕೆಲಸಗಾರರು ಶಾಂಘೈಯಲ್ಲಿ ಇದ್ದರು. ಆ ಕೂಗು ಆ ಊರಿನ ಹಳಬರ ನೆನಪಿನಲ್ಲಿ ಇವತ್ತಿಗೂ ಇದೆ. ನಮ್ಮಲ್ಲಿ ಹಾಸಿಗೆಯ ಹತ್ತಿ ಹಿಂಜಲು ಬಿಲ್ಲು ಹಿಡಿದು ಬರುತ್ತಿದ್ದವರ ಟಂಯ್ ಟಂಯ್ ಸದ್ದಿನ ಹಾಗೆ.

ಜಪಾನಿನಲ್ಲಿ ಈ ಮರದ ಕಸುಬು ಬೇರೂರಿದ್ದು ವಾಕಾಯಾಮಾ ಪ್ರಾಂತ್ಯದಲ್ಲಿ, ಅದರಲ್ಲೂ ಕೈನಾನ್ ಊರಿನ ಸುತ್ತ. ಅಲ್ಲಿನ ಶುರೋ ಪೊರಕೆಗೆ ದೊಡ್ಡ ಹೆಸರು. ನಾರು ಮೆತ್ತಗಿರುವುದರಿಂದ ಧೂಳು ಹಾರದೆ ಒಟ್ಟಾಗುತ್ತದೆ. ಗುಡಿಸಿದಷ್ಟೂ ನೆಲ ಹೊಳಪಾಗುತ್ತದೆ ಅಂತ ಅಲ್ಲಿನವರ ನಂಬಿಕೆ, ನಾರಿನಲ್ಲಿ ಎಣ್ಣೆಯಂಶ ಇದೆ ಅನ್ನುತ್ತಾರೆ. ಮೂರು ಪೊರಕೆ ಇದ್ದರೆ ಒಂದು ಜನ್ಮಕ್ಕೆ ಸಾಕು ಅಂತ ಒಂದು ಮಾತೂ ಇದೆ. ಹೊಸದರಲ್ಲಿ ಕೋಣೆಗೆ, ಸವೆದ ಮೇಲೆ ಜಗಲಿಗೆ, ಇನ್ನೂ ಸವೆದರೆ ಅಂಗಳಕ್ಕೆ ಅಂತ ಅದನ್ನು ಇಳಿಸುತ್ತಾ ಹೋಗುತ್ತಾರೆ. ನಮ್ಮಲ್ಲೂ ಹಳೆಯ ಪೊರಕೆಗೆ ಕೊಟ್ಟಿಗೆಯೇ ಗತಿ.

ಪಾತ್ರೆ ತಿಕ್ಕುವ ಬ್ರಷ್ಷಿನ ಕತೆ ನನಗೆ ಇನ್ನೂ ಇಷ್ಟ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಟೋಕಿಯೋದಲ್ಲಿ ನಿಶಿಓ ಶೋಜಾಎಮೊನ್ ಅನ್ನುವವರು ಶುರೋ ನಾರನ್ನು ತಂತಿಯ ನಡುವೆ ಹಿಡಿಸಿ ಕಾಲೊರೆಸುವ ಚಾಪೆ ಮಾಡಿದರು. ತುಳಿದು ತುಳಿದು ನಾರು ಚಪ್ಪಟೆಯಾಯಿತು, ಚಾಪೆ ಓಡಲಿಲ್ಲ. ಅದರ ಒಂದು ತುಂಡನ್ನು ಬಗ್ಗಿಸಿ ಅವರ ಹೆಂಡತಿ ಮನೆ ತಿಕ್ಕಲು ಬಳಸುತ್ತಿದ್ದರು. ಅದನ್ನು ನೋಡಿ 1907ರಲ್ಲಿ ಹುಟ್ಟಿದ್ದು ಕಾಮೆನೊಕೊ ತವಾಶಿ, ಅಂದರೆ ಆಮೆಮರಿ ಬ್ರಷ್. ನೋಡಲು ಹಾಗೇ ಇದೆ. ಇವತ್ತಿಗೂ ಜಪಾನಿನ ಅಡುಗೆಮನೆಗಳಲ್ಲಿ ಅದು ಸಿಗುತ್ತದೆ. ಆದರೆ ಈಗ ಅದರಲ್ಲಿ ಹೆಚ್ಚಿನವು ಶುರೋದಿಂದ ಮಾಡಿದವಲ್ಲ. ಶ್ರೀಲಂಕಾದಿಂದ ಬರುವ ತೆಂಗಿನ ನಾರು! ನಮ್ಮ ಅಜ್ಜಿಯರು ಪಾತ್ರೆ ಬೆಳಗಲು ತೆಂಗಿನ ನಾರು, ಬೂದಿ ಹಿಡಿದುಕೊಂಡು ಕೂರುತ್ತಿದ್ದರು. ಅಲ್ಲಿಗೆ ಆಮೆಮರಿ ಅಷ್ಟೆಲ್ಲ ಸುತ್ತಿ ನಮ್ಮ ಬಚ್ಚಲ ಕಟ್ಟೆಗೇ ಬಂದ ಹಾಗಾಯಿತು.

ನಾರು ಬಿಟ್ಟರೆ ಉಳಿದದ್ದೂ ವ್ಯರ್ಥವಲ್ಲ. ಚೀನಾದಲ್ಲಿ ದೋಣಿ ಹಬ್ಬಕ್ಕೆ ಮಾಡುವ ಅಕ್ಕಿಯ ಕಡುಬನ್ನು ಕೆಲವು ಕಡೆ ಇದರ ಗರಿಯ ಸೀಳಿನಿಂದ ಕಟ್ಟುತ್ತಾರೆ. ಯುನ್ನಾನ್‌ನಲ್ಲಿ ಬಿರಿಯದ ಹೂಗೊನೆಯನ್ನು ಪಲ್ಯ ಮಾಡುತ್ತಾರೆ, ಕಹಿ ತೆಗೆದ ಮೇಲೆ. ಅಲ್ಲಿನ ನಾಟಿ ವೈದ್ಯರು ನಾರನ್ನು ಸುಟ್ಟು ಕರಿ ಮಾಡಿ ರಕ್ತಸ್ರಾವ ನಿಲ್ಲಿಸಲು ಕೊಡುತ್ತಾರೆ. ಜಪಾನಿನಲ್ಲಿ ಗರಿಯಿಂದ ನೊಣ ಹೊಡೆಯುವ ಬಡಿಗೆ. ಮತ್ತೆ, ಗಂಟೆಯ ಆ ದಿಮ್ಮಿ. ತಾಳೆಯ ಕಾಂಡದಲ್ಲಿ ಸುತ್ತುಗಳಿಲ್ಲ, ಮೆತ್ತನೆಯ ತಿರುಳಿನಲ್ಲಿ ಅಲ್ಲಲ್ಲಿ ಗಟ್ಟಿ ಎಳೆಗಳು. ಅಡಿಕೆ ದಬ್ಬೆ ಸೀಳಿದವರಿಗೆ ಇದು ಗೊತ್ತು. ಬಿರುಸು ಮರದಿಂದ ಹೊಡೆದರೆ ಕಂಚಿಗೆ ಪೆಟ್ಟಾಗುತ್ತದೆ, ಸದ್ದೂ ಕರ್ಕಶ. ಎಳೆಎಳೆಯಾದ ಈ ಕಾಂಡ ಪೆಟ್ಟನ್ನು ತಾನೂ ಸ್ವಲ್ಪ ನುಂಗುತ್ತದೆ, ಗಂಟೆ ತುಂಬುದನಿಯಲ್ಲಿ ಮೊಳಗುತ್ತದೆ. ಗಾಯ ಮಾಯಿಸಿಕೊಳ್ಳಲಾಗದ ಕಾಂಡಕ್ಕೆ ಕಡೆಗೆ ಪೆಟ್ಟು ತಿನ್ನುವ ಕೆಲಸವೇ ಸಿಕ್ಕಿತು ನೋಡಿ.

ಯುರೋಪಿಗೆ ಈ ಮರ ಹೋದದ್ದು ಎರಡು ದಾರಿಯಲ್ಲಿ. ಡಚ್ಚರ ಪರವಾಗಿ ಜಪಾನಿನಲ್ಲಿದ್ದ ವೈದ್ಯ ಸೀಬೋಲ್ಡ್ 1830ರಲ್ಲಿ ಬೀಜ ಕಳಿಸಿದ. ಹೆಸರು ಬಂದದ್ದು ಮಾತ್ರ ಸ್ಕಾಟ್ಲೆಂಡಿನ ರಾಬರ್ಟ್ ಫಾರ್ಚೂನ್‌ನಿಂದ. ಚೀನಾದ ಚುಸಾನ್ ದ್ವೀಪದಲ್ಲಿ, ಈಗಿನ ಹೆಸರು ಝೌಶಾನ್, ಆತ ಈ ಮರವನ್ನು ನೋಡಿದ್ದ. ಅಲ್ಲಿನ ಕೂಲಿಗಳು ಇದರ ನಾರಿನ ಅಂಗಿ ತೊಟ್ಟಿದ್ದನ್ನೂ ಬರೆದಿಟ್ಟ. 1849ರಲ್ಲಿ ಸಸಿಗಳನ್ನು ಇಂಗ್ಲೆಂಡಿಗೆ ಕಳಿಸಿದ. ಈ ಫಾರ್ಚೂನ್ ಯಾರು ಗೊತ್ತಾ? ಈಸ್ಟ್ ಇಂಡಿಯಾ ಕಂಪನಿಯ ಸಂಬಳ ತಿಂದು, ಚೀನೀಯರ ವೇಷ ಹಾಕಿ, ಚಹಾ ಗಿಡ, ಬೀಜ, ಚಹಾ ಮಾಡುವ ಕೆಲಸಗಾರರನ್ನು ಸಹ ಹಿಮಾಲಯದ ತಪ್ಪಲಿಗೆ ಸಾಗಿಸಿದ ಅದೇ ಮನುಷ್ಯ. ಚಹಾ ಕದ್ದು ನಮ್ಮ ದೇಶಕ್ಕೆ ಕಳಿಸಿದ, ತಾಳೆಯನ್ನು ತನ್ನ ದೇಶಕ್ಕೆ ಕಳಿಸಿದ.

ಯುರೋಪಿನಲ್ಲಿ ಯಾರೂ ಅದರಿಂದ ಹಗ್ಗ ಹೊಸೆಯಲಿಲ್ಲ. ಅಲ್ಲಿ ಅದು ತೋಟದ ಅಲಂಕಾರ. ಸ್ವಿಟ್ಜರ್ಲೆಂಡಿನ ದಕ್ಷಿಣದ ಟಿಚೀನೋ ಪ್ರಾಂತ್ಯದಲ್ಲಿ, ಲುಗಾನೋ, ಲೊಕಾರ್ನೋ ಊರುಗಳ ಸರೋವರದ ದಡಗಳಲ್ಲಿ, ಹಿಂದೆ ಹಿಮದ ಬೆಟ್ಟ ಮುಂದೆ ತಾಳೆ ಮರ ಇರುವ ಫೋಟೋಗಳು ಪ್ರವಾಸಿಗಳನ್ನು ಸೆಳೆದವು. ಆದರೆ ಹಕ್ಕಿಗಳು ಅದರ ಕಪ್ಪು ನೀಲಿ ಹಣ್ಣು ತಿಂದು ಬೀಜವನ್ನು ಕಾಡಿನಲ್ಲಿ ಬಿತ್ತಿದವು. ಈಗ ಅಲ್ಲಿನ ಕಾಡುಗಳ ನೆಲ ತುಂಬ ತಾಳೆ ಸಸಿಗಳು, ಸ್ಥಳೀಯ ಗಿಡಗಳಿಗೆ ಬೆಳಕಿಲ್ಲ. ಕಡೆಗೆ 2024ರ ಸೆಪ್ಟೆಂಬರ್‌ನಿಂದ ಸ್ವಿಟ್ಜರ್ಲೆಂಡ್ ಇದರ ಮಾರಾಟವನ್ನೇ ನಿಷೇಧಿಸಿತು. ಮನೆಯಂಗಳದಲ್ಲಿ ಈಗಾಗಲೇ ಇರುವ ಮರವನ್ನು ಕಡಿಯಬೇಕಿಲ್ಲ, ಹೊಸದನ್ನು ಕೊಳ್ಳುವಂತಿಲ್ಲ. ಪೋಸ್ಟ್‌ಕಾರ್ಡಿನ ಮೇಲೆ ಮೆರೆದ ಮರಕ್ಕೆ ಬಂದ ಗತಿ ಇದು. ನಮ್ಮಲ್ಲಿ ಹೂವಿಗೆಂದು ತಂದ ಲಂಟಾನ ಕಾಡಿಡೀ ಹರಡಿದ್ದು ನೆನಪಾಗುತ್ತದೆ.

ಟೋಕಿಯೋದಲ್ಲೂ ಹೀಗೇ ಆಗಿದೆ. ನಗರದ ನಡುವೆ ಶಿರೋಕಾನೆಯಲ್ಲಿ ಒಂದು ಹಳೆಯ ಕಾಡನ್ನು ಪ್ರಕೃತಿ ಅಧ್ಯಯನಕ್ಕೆಂದು ಉಳಿಸಿಕೊಂಡಿದ್ದಾರೆ. 1960ರ ದಶಕದ ನಂತರ ಅದರೊಳಗೆ ಶುರೋ ಮರಗಳು ಹೆಚ್ಚುತ್ತಾ ಹೋದವು. ಹಕ್ಕಿಗಳು ಮೊದಲೂ ಬೀಜ ಹಾಕುತ್ತಿದ್ದವು. ಎಳೆಯ ಸಸಿಗೆ ಚಳಿ ತಡೆಯುವ ಶಕ್ತಿ ಕಡಿಮೆ ಅಂತ ಆಗಲೇ ಹೇಳಿದೆನಲ್ಲ, ಮೊದಲೆಲ್ಲ ಚಳಿಗಾಲವೇ ಅವುಗಳನ್ನು ಕೊಲ್ಲುತ್ತಿತ್ತು. ನಗರದ ಚಳಿಗಾಲ ಬೆಚ್ಚಗಾದಂತೆ ಸಸಿಗಳು ಉಳಿದುಕೊಂಡವು.

ನಮ್ಮ ದೇಶದಲ್ಲೇ ಇದರ ಅಣ್ಣತಮ್ಮಂದಿರಿದ್ದಾರೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಉತ್ತರಾಖಂಡದ ಕುಮಾವೂನಿನಲ್ಲಿ, ಪಿಥೋರಾಗಢದ ಹತ್ತಿರದ ಥಾಲ್‌ಕೇದಾರ್ ಬೆಟ್ಟದಲ್ಲಿ, ಸುಮಾರು 2,000 ಮೀಟರ್ ಎತ್ತರದ ಓಕ್ ಕಾಡಿನ ನೆರಳಲ್ಲಿ ಟ್ರಾಕಿಕಾರ್ಪಸ್ ಟಾಕಿಲ್ ಬೆಳೆಯುತ್ತದೆ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. ಇಟಲಿಯ ಸಸ್ಯಶಾಸ್ತ್ರಜ್ಞ ಬೆಕ್ಕಾರಿ 1905ರಲ್ಲಿ ಇದಕ್ಕೆ ಹೆಸರು ಕೊಟ್ಟ. ಅಲ್ಲಿನ ಹಳ್ಳಿಯವರು ಇದರ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ನಾರಿಗಾಗಿ ಮರ ಕಡಿದೂ ಕಡಿದೂ ಕಾಡಿನಲ್ಲಿ ದೊಡ್ಡ ಮರಗಳು ಅಪರೂಪವಾದವು. ಸುಲಿದುಕೊಂಡು ಬಿಟ್ಟಿದ್ದರೆ ಮರವೂ ಉಳಿಯುತ್ತಿತ್ತು, ಹಗ್ಗವೂ ಸಿಗುತ್ತಿತ್ತು. ಆದರೆ ಕಡಿದಾದ ಬೆಟ್ಟದಲ್ಲಿ ನುಣುಪು ಬಂಡೆಯ ಪಕ್ಕ ನಿಂತ ಮರ ಹತ್ತಿ ಸುಲಿಯುವುದು ಮನೆ ಹಿತ್ತಿಲಲ್ಲಿ ಸುಲಿದಷ್ಟು ಸುಲಭವಲ್ಲ. ಪಶ್ಚಿಮ ಬಂಗಾಳದ ಕಾಲಿಂಪಾಂಗ್ ಕಡೆಯ ಇನ್ನೊಂದು ಜಾತಿ, ಟ್ರಾಕಿಕಾರ್ಪಸ್ ಲಾಟಿಸೆಕ್ಟಸ್, ವಿಜ್ಞಾನದ ಪಟ್ಟಿಗೆ ಸೇರಿದ್ದು 1997ರಲ್ಲಿ, ತೀರಾ ಇತ್ತೀಚೆಗೆ.

ಬೆಂಗಳೂರಿನಲ್ಲಿ ಶುರೋ ನೆಡಬಹುದಾ ಅಂತ ಕೇಳುವವರಿಗೆ ಒಂದು ಮಾತು. ಸುಮ್ನೆ ದುಡ್ಡು ದಂಡ ಮಾಡಬೇಡಿ. ಇದಕ್ಕೆ ತಂಪು ಇಷ್ಟ, ಕರಾವಳಿಯ ಸೆಕೆಯಂತೂ ಆಗುವುದೇ ಇಲ್ಲ. ಇಲ್ಲಿ ಬೆಳೆಯಲು ಬೇರೆ ಎಷ್ಟೋ ತಾಳೆಗಳಿವೆ. ಆದರೆ ಲಂಡನ್, ಸಿಯಾಟಲ್, ವ್ಯಾಂಕೂವರ್‌ನಲ್ಲಿ ಇರುವವರಿಗೆ ಇದೇ ಒಳ್ಳೆ ಆಯ್ಕೆ. ವ್ಯಾಂಕೂವರ್‌ನ ಇಂಗ್ಲಿಷ್ ಬೇ ಕಡಲದಂಡೆಯಲ್ಲಿ ಸಾಲಾಗಿ ನಿಂತಿರುವುದು ಇದೇ ಮರ. ಊರಿನ ನೆನಪಿಗೆ ಅಂತ ನೆಡುವವರು ಎಳನೀರಿನ ಆಸೆ ಬಿಡಬೇಕು. ಹಣ್ಣು ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ತಿನ್ನುವಂಥದ್ದಲ್ಲ. ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ನೀರು ನಿಲ್ಲುವ ಜಾಗ ಬೇಡ, ಜೋರು ಗಾಳಿ ಹೊಡೆಯುವ ಮೂಲೆಯೂ ಬೇಡ, ಗಾಳಿಗೆ ಗರಿಗಳು ಮುರಿದು ಜೋತಾಡುತ್ತವೆ. ಮೊದಲ ಕೆಲವು ಚಳಿಗಾಲ ಗರಿಗಳನ್ನು ಮೇಲಕ್ಕೆ ಒಟ್ಟಾಗಿ ಕಟ್ಟಿ ಸುಳಿಗೆ ನೀರು ಇಳಿಯದ ಹಾಗೆ ನೋಡಿಕೊಂಡರೆ ಸಾಕು. ಕೆಲವರು ಅಂದಕ್ಕೆಂದು ನಾರನ್ನೆಲ್ಲ ಸುಲಿದು ಕಾಂಡವನ್ನು ಅಡಿಕೆ ಮರದ ಹಾಗೆ ನುಣ್ಣಗೆ ಮಾಡುತ್ತಾರೆ. ಹಗ್ಗ ಹೊಸೆಯುವ ಯೋಚನೆ ಇಲ್ಲದಿದ್ದರೆ, ಹಿಮ ಬೀಳುವ ಊರಿನಲ್ಲಿ, ಅದರ ಕಂಬಳಿ ಅದಕ್ಕೇ ಇರಲಿ.